ಮೂರು ಊರು, ಐದು ಪಾಸ್‌ಪೋರ್ಟ್

ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಒಂದೇ ರಸ್ತೆಯಲ್ಲಿರುವ ಊರುಗಳು. ಜೇವರ್ಗಿಯಿಂದ ಬರುವ 150ಎ ರಾಷ್ಟ್ರೀಯ ಹೆದ್ದಾರಿ ಲಿಂಗಸುಗೂರು ದಾಟಿ, ಮಸ್ಕಿ ಬೆಟ್ಟದ ಪಕ್ಕ ಹಾದು, ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆಗಳ ನಡುವೆ ಸಿಂಧನೂರಿಗೆ ಬರುತ್ತದೆ. ನಮ್ಮ ಮನೆಯೂ ಈ ರಸ್ತೆಯುದ್ದಕ್ಕೂ ಹಂಚಿಹೋಗಿದೆ. ನಾನು, ಹೆಂಡತಿ, ಐದು ವರ್ಷದ ಮಗಳು ಸಿಂಧನೂರಲ್ಲಿ, ಅವ್ವ ಮಸ್ಕಿಯಲ್ಲಿ, ಅಕ್ಕ ಲಿಂಗಸುಗೂರಲ್ಲಿ. ತಮ್ಮ ಮಾತ್ರ ದುಬೈನಲ್ಲಿ.

ತಮ್ಮನಿಗೆ ಗಂಡುಮಗು ಆಯಿತು. ಅವನಿಗೆ ರಜೆ ಇಲ್ಲ, ಬಾಣಂತಿ ಇಷ್ಟು ಬೇಗ ವಿಮಾನ ಹತ್ತುವ ಹಾಗಿಲ್ಲ. ಅವ್ವ ದಿನಾ ವಿಡಿಯೊ ಕಾಲ್‌ನಲ್ಲಿ ಮೊಮ್ಮಗನ ಮುಖ ನೋಡಿ ಫೋನಿಗೇ ದೃಷ್ಟಿ ತೆಗೆಯುತ್ತಿದ್ದಳು. "ಎತ್ಕೊಳ್ಳಾಕ ಬರಂಗಿಲ್ಲ, ಇದೆಂಥಾ ನೋಡೂದೋ" ಅಂದ ದಿನ ನಾವು ಐದೂ ಜನ ಹೋಗುವುದೆಂದು ತೀರ್ಮಾನ ಆಯಿತು. ಆದರೆ ಮನೆಯಲ್ಲಿ ಒಬ್ಬರ ಹತ್ತಿರವೂ ಪಾಸ್‌ಪೋರ್ಟ್ ಇರಲಿಲ್ಲ.

ಇದಕ್ಕೆಲ್ಲ ಬೆಂಗಳೂರಿಗೇ ಓಡಬೇಕಿದ್ದ ಕಾಲ ಈಗಿಲ್ಲ. 2017ರ ಜನವರಿಯಲ್ಲಿ ಮೈಸೂರಿನ ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರ ಶುರುವಾದ ಮೇಲೆ ಒಂದೊಂದೇ ಜಿಲ್ಲೆಗೆ ಈ ಸೌಲಭ್ಯ ಬಂತು. ನಮಗೆ ರಾಯಚೂರು. ಅರ್ಜಿ ತುಂಬುವುದು, ಶುಲ್ಕ ಕಟ್ಟುವುದು, ದಿನ ಗೊತ್ತು ಮಾಡಿಕೊಳ್ಳುವುದು ಎಲ್ಲ ಫೋನಿನಲ್ಲೇ ಆಗುತ್ತದೆ. ದೊಡ್ಡವರಿಗೆ 36 ಪುಟದ ಪುಸ್ತಕಕ್ಕೆ 1500 ರೂಪಾಯಿ, ಮಕ್ಕಳಿಗೆ 1000. ಎಂಟು ವರ್ಷದೊಳಗಿನ ಮಕ್ಕಳಿಗೆ ಮತ್ತು 60 ದಾಟಿದವರಿಗೆ ಹೊಸ ಅರ್ಜಿಯಲ್ಲಿ ಶೇ 10 ರಿಯಾಯಿತಿ. ನಮ್ಮ ಐದು ಜನರದು ಸೇರಿ 6750 ರೂಪಾಯಿ ಆಯಿತು. ಒಂದು ಎಚ್ಚರ: ಹುಡುಕಿದರೆ ಸರ್ಕಾರಿ ಜಾಲತಾಣದಂತೆಯೇ ಕಾಣುವ ನಕಲಿಗಳೂ ಸಿಗುತ್ತವೆ. ಎಂಪಾಸ್‌ಪೋರ್ಟ್ ಸೇವಾ ಆ್ಯಪ್ ಬಳಸಿದರೆ ಆ ಚಿಂತೆ ಇಲ್ಲ.

ಹಣಕ್ಕಿಂತ ದೊಡ್ಡ ಕೆಲಸ ಹೆಸರಿನದು. ಅವ್ವನ ಆಧಾರ್‌ನಲ್ಲಿ ಇದ್ದದ್ದು ಒಂದೇ ಪದ. ಅಡ್ಡಹೆಸರಿಲ್ಲ, ಇನಿಷಿಯಲ್ ಇಲ್ಲ. ನಮ್ಮ ಕಡೆ ಆ ತಲೆಮಾರಿನ ಹೆಣ್ಣುಮಕ್ಕಳದು ಬಹುಪಾಲು ಹಾಗೇ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಉಪನಾಮದ ಜಾಗ ಖಾಲಿ ಬಿಟ್ಟರೂ ನಡೆಯುತ್ತದೆ. ತೊಂದರೆ ಆಚೆ ದಡದಲ್ಲಿ. ಪಾಸ್‌ಪೋರ್ಟ್‌ನಲ್ಲಿ ಒಂದೇ ಪದದ ಹೆಸರಿರುವವರಿಗೆ ಭೇಟಿ ವೀಸಾದ ಮೇಲೆ ಪ್ರವೇಶ ಕೊಡುವುದಿಲ್ಲವೆಂದು ಯುಎಇ 2022ರ ನವೆಂಬರ್‌ನಲ್ಲಿ ಹೇಳಿತು. ಪುಸ್ತಕದ ಇನ್ನೊಂದು ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಪರವಾಗಿಲ್ಲ ಎಂಬ ಸ್ಪಷ್ಟನೆಯೂ ಆಮೇಲೆ ಬಂತು. ಆದರೂ ಅವ್ವನನ್ನು ವಿಮಾನ ನಿಲ್ದಾಣದ ಕೌಂಟರಿನಲ್ಲಿ ನಿಲ್ಲಿಸಿ ಆ ಸ್ಪಷ್ಟನೆ ಹುಡುಕುವ ಧೈರ್ಯ ನಮಗಿರಲಿಲ್ಲ.

ಹಾಗಾದರೆ ಯಾವ ಅಡ್ಡಹೆಸರು? ಟ್ರಂಕಿನ ಕಾಗದಪತ್ರ ಎಲ್ಲ ಹರವಿದೆವು. ಮತದಾರರ ಚೀಟಿಯಲ್ಲಿ ಅಪ್ಪನ ಮನೆತನದ ಹೆಸರು ಸೇರಿತ್ತು. ಅವಳ ತವರಿನಿಂದ ಬಂದ ಒಂದೆಕರೆ ಹೊಲದ ಪಹಣಿಯಲ್ಲಿ ತವರಿನ ಹೆಸರಿತ್ತು. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ. ಹಾಗಾಗಿ ಅವಳನ್ನೇ ಕೇಳಿದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅರವತ್ತು ವರ್ಷ ಆತು, ನಿನ್ನ ಹೆಸರು ಹೆಂಗಿರ್ಬೇಕವ್ವಾ ಅಂತ ಯಾರೂ ಕೇಳಿದ್ದಿಲ್ಲ ನೋಡು" ಅಂದಳು. ಆಮೇಲೆ ಅವಳೇ ಇತ್ಯರ್ಥ ಮಾಡಿದಳು: "ಹೊಲಕ್ಕ ನಮ್ಮಪ್ಪನ ಹೆಸರು ಇರ್ಲಿ. ಇದಕ್ಕ ಮೊಮ್ಮಗಂದ್ಯಾವುದೋ ಅದನ್ನ ಹಾಕು. ಇಬ್ಬರದೂ ಒಂದ ಆಗ್ಲಿ."

ಮತದಾರರ ಚೀಟಿ ತೋರಿಸಿ ಆಧಾರ್ ತಿದ್ದಿಸಿ, ಆಮೇಲೆ ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಿದೆವು. ಈ ಅನುಕ್ರಮ ನೆನಪಿಡಿ, ಮೊದಲು ಆಧಾರ್, ಆಮೇಲೆ ಅರ್ಜಿ. ಹುಟ್ಟಿದ ದಿನ ಗೊತ್ತಿಲ್ಲದ ಹಿರಿಯರ ಹಾಗೆ ಅವ್ವನ ಆಧಾರ್‌ನಲ್ಲೂ ಜನವರಿ 1 ಇತ್ತು. ಅದಕ್ಕೆ ತಕರಾರು ಬರಲಿಲ್ಲ. ಆದರೆ 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದ ಮಕ್ಕಳಿಗೆ ಜನನ ಪ್ರಮಾಣಪತ್ರವೊಂದೇ ದಾಖಲೆ.

ಅಪಾಯಿಂಟ್‌ಮೆಂಟ್ ಹಿಂದಿನ ದಿನ ಅಕ್ಕ ಲಿಂಗಸುಗೂರಿನಿಂದ ಮಸ್ಕಿಗೆ ಬಂದಳು. ಬೆಳಿಗ್ಗೆ ಇಬ್ಬರೂ ಸಿಂಧನೂರಿಗೆ ಬಂದರು. ಪೋತ್ನಾಳ, ಮಾನ್ವಿ ದಾಟಿ ರಾಯಚೂರು. ಬುತ್ತಿಯಲ್ಲಿ ಸಜ್ಜಿರೊಟ್ಟಿ, ಶೇಂಗಾಹಿಂಡಿ. ಅವ್ವನ ಬೆರಳಚ್ಚು ಮೊದಲ ಸಲ ಹತ್ತಲಿಲ್ಲ. ನಾಟಿ ಮಾಡಿ, ಕಳೆ ಕಿತ್ತು ಸವೆದ ಬೆರಳು. ಒದ್ದೆ ಬಟ್ಟೆಯಲ್ಲಿ ಒರೆಸಿ ಇನ್ನೊಮ್ಮೆ ಇಟ್ಟ ಮೇಲೆ ಬಂತು. ಫೋಟೊ ಅಲ್ಲೇ ತೆಗೆದರು. ಮಗಳ ಅರ್ಜಿಗೆ ನಾವಿಬ್ಬರೂ ಸಹಿ ಹಾಕಿದ ಅನುಬಂಧ 'ಡಿ' ಬೇಕಾಯಿತು.

ಅಲ್ಲಿ ಗೊತ್ತಾದ ಇನ್ನೊಂದು ವಿಷಯ ಇಸಿಆರ್. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಈ ಗುಂಪಿಗೆ ಸೇರುತ್ತದೆ. ಕೊಲ್ಲಿ ದೇಶಗಳೂ ಸೇರಿದಂತೆ 18 ದೇಶಗಳಿಗೆ ದುಡಿಯಲು ಹೋಗುವಾಗ ಇಂಥವರು ಸರ್ಕಾರದಿಂದ ವಲಸೆ ಅನುಮತಿ ಪಡೆಯಬೇಕು. ಕಡಿಮೆ ಓದಿದವರು ಏಜೆಂಟರ ಕೈಗೆ ಸಿಕ್ಕು ಮೋಸ ಹೋಗಬಾರದೆಂದು 1983ರ ವಲಸೆ ಕಾಯ್ದೆಯಡಿ ಮಾಡಿದ ಏರ್ಪಾಡು ಇದು. 50 ವರ್ಷ ದಾಟಿದವರಿಗೆ ವಿನಾಯಿತಿ. ಹೀಗಾಗಿ ಶಾಲೆಯ ಮೆಟ್ಟಿಲು ಹತ್ತದ ಅವ್ವನಿಗೆ ಇಸಿಆರ್ ಇಲ್ಲ, ಏಳನೆತ್ತ ಓದಿದ ಅಕ್ಕನಿಗೆ ಇದೆ. "ಓದಿದ್ದಕ್ಕ ದಂಡ ಹಾಕ್ಯಾರೇನು?" ಅಂತ ಅಕ್ಕ ನಕ್ಕಳು. ಭೇಟಿ ವೀಸಾದಲ್ಲಿ ಹೋಗುವವರಿಗೆ ಆ ಅನುಮತಿ ಬೇಕಿಲ್ಲ, ಹೆದರಬೇಡಿ.

ಆಮೇಲೆ ಪೊಲೀಸ್ ಪರಿಶೀಲನೆ. ಮೂರು ಊರು, ಮೂರು ಠಾಣೆ. ಮಸ್ಕಿಯಲ್ಲಿ ಪೊಲೀಸಪ್ಪ ಬಾಗಿಲಿಗೆ ಬಂದಾಗ ಓಣಿ ಮಂದಿ ಗಾಬರಿಯಾದರಂತೆ. ಅವ್ವ ಮಾತ್ರ ಚಾ ಕುಡಿಸಿ, ಮೊಮ್ಮಗನ ಫೋಟೊ ತೋರಿಸಿ, ಪಕ್ಕದ ಮನೆಯವರನ್ನು ಸಾಕ್ಷಿಗೆ ತಾನೇ ಕರೆದಳಂತೆ.

ಮಸ್ಕಿ ಹೆಸರಿಗೆ ಹೊಸದಲ್ಲ. 1915ರಲ್ಲಿ ಗಣಿ ಎಂಜಿನಿಯರ್ ಸಿ. ಬೀಡನ್ ಇಲ್ಲಿನ ಬಂಡೆಯ ಮೇಲಿನ ಶಾಸನ ಕಂಡ. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ ರಾಜನನ್ನು ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದಿನಿಂದಷ್ಟೇ ಕರೆಯಲಾಗಿತ್ತು. ಅವನೇ ಅಶೋಕ ಎಂದು ಹೆಸರು ಹಿಡಿದು ಹೇಳಿದ್ದು ಮಸ್ಕಿಯ ಬಂಡೆ. ಚಕ್ರವರ್ತಿಗೂ ಗುರುತಿಗೆ ಒಂದು ದಾಖಲೆ ಬೇಕಾಯಿತು! ಇತ್ತ ಸಿಂಧನೂರಿನ ಆರ್.ಎಚ್. ಕ್ಯಾಂಪುಗಳಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದು ನೆಲೆಸಿದ ಬಂಗಾಳಿ ಕುಟುಂಬಗಳಿವೆ. ಅವರಲ್ಲಿ ಎಷ್ಟೋ ಮಂದಿ ಪೌರತ್ವದ ಕಾಗದಕ್ಕೆ ದಶಕಗಳ ಕಾಲ ಕಾದಿದ್ದಾರೆ. ಅದನ್ನು ನೆನೆದರೆ ನಮ್ಮ ಓಡಾಟ ದೊಡ್ಡದೇನಲ್ಲ.

ಪಾಸ್‌ಪೋರ್ಟ್‌ಗಳು ಸ್ಪೀಡ್ ಪೋಸ್ಟ್‌ನಲ್ಲಿ ಒಂದೊಂದಾಗಿ ಬಂದವು. ಕೊನೆಗೆ ಬಂದದ್ದು ಅವ್ವನದು. ಈಗ ಅದು ಟ್ರಂಕಿನಲ್ಲಿ ಪಹಣಿಯ ಮೇಲೆಯೇ ಇದೆ, ವೀಸಾಕ್ಕೆ ಕೇಳಿದರೂ "ಜೆರಾಕ್ಸ್ ತಗೊಂಡು ಹೋಗು" ಅನ್ನುತ್ತಾಳೆ.

ನಿಮ್ಮ ಮನೆಯಲ್ಲೂ ಹಿರಿಯರಿದ್ದರೆ, ಪ್ರವಾಸದ ಯೋಚನೆ ಇಲ್ಲದಿದ್ದರೂ ಈ ಭಾನುವಾರ ಅವರ ಆಧಾರ್, ಮತದಾರರ ಚೀಟಿ, ಪಹಣಿ ಮೂರನ್ನೂ ಪಕ್ಕಪಕ್ಕ ಇಟ್ಟು ಹೆಸರು ಓದಿ ನೋಡಿ. ವ್ಯತ್ಯಾಸ ಕಂಡರೆ ನೀವೇ ತೀರ್ಮಾನ ಮಾಡಬೇಡಿ. ಹೇಗಿರಬೇಕೆಂದು ಅವರನ್ನೇ ಕೇಳಿ.