ಮಹಡಿಯ ಲಾರಿ, ನಡುಮನೆಯ ಡ್ರೈವರ್

ಚೌಕಾಬಾರ ಆಡಲು ಬೇಕಾಗಿದ್ದದ್ದು ಒಂದು ತುಂಡು ಸೀಮೆಸುಣ್ಣ, ನಾಲ್ಕು ಕವಡೆ, ಒಂದಿಷ್ಟು ಹುಣಸೆಬೀಜ, ಬಳೆಚೂರು. ನೆಲದ ಮೇಲೆ ಐದೈದಲಿ ಇಪ್ಪತ್ತೈದು ಮನೆ ಬರೆದರೆ ಆಟ ಅಲ್ಲೇ ಹುಟ್ಟುತ್ತಿತ್ತು. ಜಗಲಿಗೆ ಬಿಸಿಲು ಬಂದರೆ ನಡುಮನೆಗೆ, ನಡುಮನೆಯಲ್ಲಿ ಯಾರಾದರೂ ಮಲಗಿದ್ದರೆ ಹಿತ್ತಿಲಿಗೆ. ಜನ ಎಲ್ಲಿದ್ದರೋ ಆಟ ಅಲ್ಲಿಗೆ ಬರುತ್ತಿತ್ತು. ಮೈಸೂರಿನವರಿಗೆ ಆಟದ ಹುಚ್ಚು ಹೊಸದೇನಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫಾ ಎಲೆಗಳಲ್ಲೇ ಎಷ್ಟೋ ಹೊಸ ಆಟಗಳನ್ನು ಕಟ್ಟಿದರು; ಅವರ ‘ಶ್ರೀತತ್ತ್ವನಿಧಿ’ಯಲ್ಲಿ ಆಟಗಳಿಗಾಗಿಯೇ ‘ಕೌತುಕ ನಿಧಿ’ ಎಂಬ ಭಾಗವಿದೆ. ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಆಟದ ಹಾಸುಗಳನ್ನೇ ಚಿತ್ರ ಬರೆಸಿದ್ದಾರೆ.

ಕಂಪ್ಯೂಟರ್ ಆಟ ಬಂದ ಮೇಲೆ ಈ ಕ್ರಮ ತಿರುಗುಮುರುಗಾಯಿತು. ಯಂತ್ರ ಎಲ್ಲಿದೆಯೋ ಜನ ಅಲ್ಲಿಗೆ ಹೋಗಬೇಕು. ಒಂದು ಮೇಜು, ಒಂದು ಕುರ್ಚಿ, ಕಿವಿಗೆ ಹೆಡ್‌ಫೋನ್, ಬಾಗಿಲು ಮುಚ್ಚಿದ ಕೋಣೆ. ಆಡುವವರಿಗೆ ಇದರಲ್ಲಿ ಒಂದು ಸುಖವಿದೆ. ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದಾಗ ಮಾತ್ರ ಈ ಸುಖದ ಲೆಕ್ಕ ಬೇರೆಯಾಗುತ್ತದೆ.

ನಮ್ಮ ಮನೆ ಇರುವುದು ದೇವರಾಜ ಮೊಹಲ್ಲಾದ ಶಿವರಾಂಪೇಟೆಯ ಒಂದು ಓಣಿಯಲ್ಲಿ. ಅರಸು ರಸ್ತೆಯ ಬಟ್ಟೆ ಅಂಗಡಿಗಳ ಗದ್ದಲ ಓಣಿಯ ಬಾಯಿಯವರೆಗೆ ಬಂದು ಅಲ್ಲೇ ನಿಲ್ಲುತ್ತದೆ. ತಾತ ಕೊಂಡ ಹಳೆಯ ಮನೆ; ಇಟ್ಟಿಗೆ, ಗಾರೆಯ ಒಂದೂವರೆ ಅಡಿ ದಪ್ಪದ ಗೋಡೆ, ಮಹಡಿಗೆ ಹದಿನಾಲ್ಕು ಕಡಿದಾದ ಮರದ ಮೆಟ್ಟಿಲು. ನನ್ನ ಆಫೀಸು ಕೆಲಸ, ಕಂಪ್ಯೂಟರ್, ಆಟ ಎಲ್ಲವೂ ಮಹಡಿಯ ಕೋಣೆಯಲ್ಲಿ.

ಅಪ್ಪ ಕೆಎಸ್‌ಆರ್‌ಟಿಸಿಯಲ್ಲಿ ಮೂವತ್ತೊಂದು ವರ್ಷ ಡ್ರೈವರ್ ಆಗಿದ್ದವರು. ಹೆಚ್ಚು ಓಡಿಸಿದ್ದು ನಂಜನಗೂಡು, ಗುಂಡ್ಲುಪೇಟೆ, ಬಂಡೀಪುರ ದಾಟಿ ಊಟಿಗೆ. ನಿವೃತ್ತಿಯಾದ ಎರಡನೇ ವರ್ಷ ಲಕ್ವ ಹೊಡೆಯಿತು. ಜೀವ ಉಳಿಯಿತು, ಎಡಗೈ ಎಡಗಾಲು ಸೋತವು. ಮಾತು ಕೊಂಚ ತೊದಲುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಅವರಿಗೆ ಮಾತೇ ಬೇಡವಾಗಿತ್ತು. ನಡುಮನೆಯ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದರು. ಟಿವಿ ಹಾಕಿದರೆ ‘ಆರ್ಸು’ ಎನ್ನುತ್ತಿದ್ದರು. ಒಂದು ರಾತ್ರಿ ಬಿಸಿನೀರು ತರಲು ಕೆಳಗಿಳಿದಾಗ ಅಮ್ಮ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ: “ನೀನು ಮೇಲೆ, ಅವರು ಕೆಳಗೆ. ನಾನು ಮೆಟ್ಟಿಲ ಮೇಲೆ.”

ಆಮೇಲೆ ಪಾಳಿ ಹಂಚಿಕೊಂಡೆವು. ರಾತ್ರಿ ಎಂಟರಿಂದ ಹನ್ನೊಂದು ನನ್ನದು. ಆ ಹೊತ್ತಿನಲ್ಲಿ ಅಮ್ಮ ಮಲಗಿಬಿಡಬೇಕು. ಆ ಮೂರು ಗಂಟೆ ನಾನು ಆಟ ಆಡುವ ಸಮಯವೂ ಆಗಿತ್ತು. ಕಂಪ್ಯೂಟರನ್ನೇ ಕೆಳಗಿಳಿಸೋಣವೆಂದರೆ ನಡುಮನೆಯಲ್ಲಿ ಮಂಚ, ವಾಕರ್, ಕಮೋಡ್ ಕುರ್ಚಿ ಬಿಟ್ಟು ಜಾಗವಿಲ್ಲ. ಯಂತ್ರ ಮೇಲೆಯೇ ಇರಲಿ, ಆಟ ಮಾತ್ರ ಇಳಿಯಲಿ ಎಂಬ ಯೋಚನೆ ಬಂದದ್ದು ಹಾಗೆ.

ಇದರ ಒಳಗುಟ್ಟು ಸರಳ. ಮೇಲಿನ ಕಂಪ್ಯೂಟರ್ ಆಟವನ್ನು ಎಂದಿನಂತೆ ಓಡಿಸುತ್ತದೆ. ತೆರೆಯ ಮೇಲೆ ಬಂದ ಪ್ರತಿ ಚಿತ್ರವನ್ನೂ ಗ್ರಾಫಿಕ್ಸ್ ಕಾರ್ಡ್ ಆ ಕ್ಷಣವೇ ವಿಡಿಯೋ ಆಗಿ ಒತ್ತಿ ಸಣ್ಣದು ಮಾಡುತ್ತದೆ. ಮನೆಯ ರೌಟರ್ ಅದನ್ನು ಕೆಳಗಿನ ಟಿವಿಗೋ ಮೊಬೈಲಿಗೋ ಮುಟ್ಟಿಸುತ್ತದೆ. ನಾವು ಒತ್ತಿದ ಗುಂಡಿಯ ಸುದ್ದಿ ಅದೇ ದಾರಿಯಲ್ಲಿ ಮೇಲಕ್ಕೆ ಹೋಗುತ್ತದೆ. ಕೆಳಗೆ ಬರುವುದು ಚಿತ್ರ ಮತ್ತು ಸದ್ದು, ಮೇಲೆ ಹೋಗುವುದು ಬೆರಳ ತುದಿ. ಎಲ್ಲವೂ ಮನೆಯೊಳಗೇ ನಡೆಯುವುದರಿಂದ “ಡೇಟಾ ಖಾಲಿಯಾಗಲ್ವೇನೇ?” ಎಂಬ ಅಮ್ಮನ ಪ್ರಶ್ನೆಗೆ ಉತ್ತರ, ಇಲ್ಲ.

ತೊಡಕು ಇರುವುದು ಲಾಂಚರ್‌ಗಳಲ್ಲಿ. ಈಗ ಆಟವೆಂದರೆ ಡಬ್ಬದಲ್ಲಿ ಬರುವ ಸಿಡಿ ಅಲ್ಲ. ಸ್ಟೀಮ್‌ನಲ್ಲಿ ಕೊಂಡದ್ದು ಸ್ಟೀಮ್‌ನಲ್ಲೇ ತೆರೆಯಬೇಕು, ಎಪಿಕ್‌ನಲ್ಲಿ ಪುಕ್ಕಟೆ ಸಿಕ್ಕಿದ್ದು ಎಪಿಕ್‌ನಲ್ಲಿ. ಯೂಬಿಸಾಫ್ಟ್, ಎಕ್ಸ್‌ಬಾಕ್ಸ್‌ಗಳಿಗೂ ಅವರವರದೇ ಬಾಗಿಲು. ದೇವರಾಜ ಮಾರುಕಟ್ಟೆಯಲ್ಲಿ ಹೂವಿಗೊಂದು ಸಾಲು, ವೀಳ್ಯದೆಲೆಗೊಂದು ಸಾಲು, ಬಾಳೆಹಣ್ಣಿಗೊಂದು ಸಾಲು ಇದ್ದ ಹಾಗೆ. ಮಾರುಕಟ್ಟೆಯಲ್ಲಿ ಮೂರೂ ಕಡೆ ಕೊಂಡು ಒಂದೇ ಚೀಲಕ್ಕೆ ಹಾಕಿಕೊಂಡು ಬರುತ್ತೇವೆ. ಇಲ್ಲಿ ಚೀಲವೂ ಅಂಗಡಿಯವನದೇ.

ಸ್ಟೀಮ್ 2014ರಲ್ಲೇ ಮನೆಯೊಳಗೆ ಆಟ ಹರಿಸುವ ಸೌಲಭ್ಯ ಕೊಟ್ಟಿತು. ಅದರ ಈಗಿನ ಹೆಸರು ರಿಮೋಟ್ ಪ್ಲೇ. ಬೇರೆ ಅಂಗಡಿಯ ಆಟಗಳನ್ನೂ ಅದರ ಪಟ್ಟಿಗೆ ಕೈಯಾರೆ ಸೇರಿಸಬಹುದು. ಸೇರಿಸಿದೆ. ಒಂದು ಆಟ ನೇರ ತೆರೆಯಿತು. ಇನ್ನೊಂದರ ಲಾಂಚರ್ ಮಧ್ಯೆ ಅಡ್ಡ ಬಂದು ಪಾಸ್‌ವರ್ಡ್ ಕೇಳಿತು. ಮತ್ತೊಂದು ‘ಅಪ್‌ಡೇಟ್ ಇದೆ, ಒಪ್ಪಿಗೆಯೇ?’ ಎಂಬ ಕಿಟಕಿ ತೆರೆದು ಮೌಸ್ ಬರುವವರೆಗೂ ಕಾದು ಕೂತಿತು. ಮೌಸ್ ಇದ್ದದ್ದು ಹದಿನಾಲ್ಕು ಮೆಟ್ಟಿಲ ಮೇಲೆ.

ಕೊನೆಗೆ ಒದಗಿದ್ದು ಸನ್‌ಶೈನ್, ಮೂನ್‌ಲೈಟ್ ಎಂಬ ಎರಡು ಉಚಿತ ತಂತ್ರಾಂಶಗಳು. ಮೂನ್‌ಲೈಟ್ ಕೆಲವು ಅಮೆರಿಕನ್ ವಿದ್ಯಾರ್ಥಿಗಳ ಕೈಕೆಲಸವಾಗಿ ಶುರುವಾದದ್ದು. ಮೊದಲು ಅದು ಎನ್‌ವಿಡಿಯಾದ ಗೇಮ್‌ಸ್ಟ್ರೀಮ್ ಸೌಲಭ್ಯಕ್ಕೆ ಜೋತುಬಿದ್ದಿತ್ತು. 2023ರಲ್ಲಿ ಎನ್‌ವಿಡಿಯಾ ಅದನ್ನು ನಿಲ್ಲಿಸಿದಾಗ ಆ ಜಾಗವನ್ನು ಸನ್‌ಶೈನ್ ತುಂಬಿತು. ಸನ್‌ಶೈನ್ ಮೇಲಿನ ಯಂತ್ರದಲ್ಲಿದ್ದು ಕಳಿಸುತ್ತದೆ, ಮೂನ್‌ಲೈಟ್ ಕೆಳಗಿದ್ದು ಪಡೆಯುತ್ತದೆ. ಇವು ಇಡೀ ತೆರೆಯನ್ನೇ ಕಳಿಸಬಲ್ಲವು. ಆಟ ಯಾವ ಅಂಗಡಿಯದೆಂದು ಕೇಳುವುದಿಲ್ಲ. ಅಡ್ಡ ಬರುವ ಕಿಟಕಿಯೂ ಟಿವಿಯಲ್ಲಿ ಕಾಣುತ್ತದೆ; ಮೊಬೈಲಿನ ಮೇಲೆ ಬೆರಳಾಡಿಸಿ ಮುಚ್ಚಿದರಾಯಿತು.

ಮೊದಲು ಹಾಕಿದ್ದು ‘ರಾಜಿ’. ಪುಣೆಯ ತಂಡವೊಂದು ಮಾಡಿ 2020ರಲ್ಲಿ ಬಂದ ಆಟ. ಅಮ್ಮ ನಿದ್ದೆ ಬಿಟ್ಟು ಬಂದು, “ಆ ಹುಡುಗಿ ಕೈಲಿರೋದು ತ್ರಿಶೂಲ ತಾನೇ?” ಎಂದು ಕೇಳಿ ಹತ್ತು ನಿಮಿಷ ಕೂತರು. ಅಪ್ಪ ಗೋಡೆ ನೋಡುತ್ತಲೇ ಇದ್ದರು.

ಅದಾಗಿ ಒಂದು ವಾರಕ್ಕೆ ‘ಯೂರೋ ಟ್ರಕ್ ಸಿಮ್ಯುಲೇಟರ್ 2’ ಹಾಕಿದೆ. ಝೆಕ್ ದೇಶದವರು 2012ರಲ್ಲಿ ತಂದ ಆಟ. ಅದರಲ್ಲಿ ಗುಂಡು ಹೊಡೆಯುವುದಿಲ್ಲ, ಯಾರೂ ಸಾಯುವುದಿಲ್ಲ. ಸರಕು ತುಂಬಿದ ಲಾರಿಯನ್ನು ಒಂದೂರಿನಿಂದ ಇನ್ನೊಂದೂರಿಗೆ ಒಯ್ಯುವುದೇ ಆಟ. ಏರು ರಸ್ತೆಯಲ್ಲಿ ಎಂಜಿನ್ ಏದುಸಿರು ಬಿಡುವ ಸದ್ದು ಟಿವಿಯಿಂದ ಬಂತು. ಹಿಂದಿನಿಂದ ತೊದಲುವ ದನಿ: “ಗೇರ್ ಇಳ್ಸು.”

ಮೊದಲಿಗೆ ಅವರಿಗೆ ಸಿಟ್ಟು ಬಂದದ್ದು ರಸ್ತೆಯ ಬಲಗಡೆ ಓಡಿಸುವುದಕ್ಕೆ. ಆಟದ ನಕಾಶೆಯಲ್ಲಿ ಬ್ರಿಟನ್ ಇದೆ, ಅಲ್ಲಿ ನಮ್ಮಂತೆ ಎಡಗಡೆ. ಸ್ಟೀರಿಂಗ್ ಬಲಕ್ಕಿರುವ ಲಾರಿಯೂ ಸಿಗುತ್ತದೆ. ಅಲ್ಲಿಗೆ ಹೋದೆವು. ಮೂರನೇ ದಿನ ಅಪ್ಪ ಬಲಗೈ ಚಾಚಿದರು. ಗೇಮ್‌ಪ್ಯಾಡ್ ಕೊಟ್ಟೆ. ಬಲಗಡ್ಡಿಯಲ್ಲೇ ಸ್ಟೀರಿಂಗ್ ತಿರುಗುವಂತೆ, ಬಲ ತೋರುಬೆರಳಿಗೆ ಆಕ್ಸಿಲರೇಟರ್ ಸಿಗುವಂತೆ ಹೊಂದಿಸಿದ್ದೆ. ಒಂದು ವೃತ್ತದ ಹತ್ತಿರ ಬ್ರೇಕ್ ಹಾಕಿ, ಕೂಡಲೇ ಪ್ಯಾಡನ್ನು ಹಾಸಿಗೆಯ ಮೇಲಿಟ್ಟರು.

“ಏರ್ ಇಳಿದೋಗಿದೆ ಕಣಮ್ಮ. ಇಂಥ ಗಾಡಿ ರೋಡಿಗೆ ತರಬಾರದು.”

ಬಸ್ಸು ಲಾರಿಗಳ ಬ್ರೇಕು ಗಾಳಿಯ ಒತ್ತಡದಿಂದ ಕೆಲಸ ಮಾಡುತ್ತದೆ. ಒತ್ತಡ ಇಳಿದರೆ ಪೆಡಲ್ ತುಳಿದ ಮೇಲೂ ಗಾಡಿ ಹಿಡಿಯುವುದು ತಡ. ನನಗೆ ಆ ತಡ ಕಂಡೇ ಇರಲಿಲ್ಲ. ಸೆಕೆಂಡಿಗೆ ಅರವತ್ತು ಚಿತ್ರ ಎಂದರೆ ಒಂದು ಚಿತ್ರಕ್ಕೆ ಸುಮಾರು 16 ಮಿಲಿಸೆಕೆಂಡ್. ಒತ್ತಲು, ಕಳಿಸಲು, ಬಿಡಿಸಲು, ತೋರಿಸಲು ಇಂಥ ಕೆಲವು ಚಿತ್ರಗಳಷ್ಟು ಹೊತ್ತು ಸೋರುತ್ತದೆ. ಮೂವತ್ತೊಂದು ವರ್ಷ ಹಿಂದೆ ಐವತ್ತು ಜನರನ್ನು ಕೂರಿಸಿಕೊಂಡು ಘಾಟಿ ಇಳಿದವರಿಗೆ ಅದು ಬೆರಳಿಗೇ ತಿಳಿಯಿತು. ಲಕ್ವ ಹೊಡೆದ ಮೇಲೆ ಅಪ್ಪ ಖಚಿತವಾಗಿ ಹೇಳಿದ ಮೊದಲ ಮಾತು ಅದು. ಅದನ್ನು ರಿಪೇರಿ ಮಾಡದೆ ಬಿಡುವಂತಿರಲಿಲ್ಲ.

ತಡದ ಒಂದು ಪಾಲು ಟಿವಿಯದು. ಚಿತ್ರವನ್ನು ನುಣುಪು ಮಾಡಲು ಟಿವಿ ತಾನೇ ಒಂದಿಷ್ಟು ಹೊತ್ತು ತೆಗೆದುಕೊಳ್ಳುತ್ತದೆ. ‘ಗೇಮ್ ಮೋಡ್’ ಹಾಕಿದರೆ ಆ ಕೆಲಸ ಬಿಡುತ್ತದೆ. ಇನ್ನೊಂದು ಪಾಲು ಗೋಡೆಯದು. ವೈಫೈನ 5 ಗಿಗಾಹರ್ಟ್ಸ್ ಅಲೆ ವೇಗದ್ದು, ಆದರೆ ದಪ್ಪ ಗೋಡೆಯಲ್ಲಿ ಬೇಗ ಸೊರಗುತ್ತದೆ. 2.4ರದ್ದು ಗೋಡೆ ದಾಟುತ್ತದೆ, ಆದರೆ ಓಣಿಯ ಎಲ್ಲರ ವೈಫೈ ಜೊತೆ ಗುದ್ದಾಡಬೇಕು. ಉಳಿದದ್ದು ತಂತಿ ಎಳೆಯುವ ದಾರಿ. ಅದಕ್ಕೆ ಗೋಡೆ ಕೊರೆಯಬೇಕು.

“ಗೋಡೆಗೆ ಕೈ ಹಚ್ಚಬೇಡ” ಎಂದರು ಅಪ್ಪ. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿದ ಮೇಲೆ ಈ ಸುತ್ತಿನ ಹಳೆಮನೆಯವರಿಗೆ ಡ್ರಿಲ್ಲಿನ ಸದ್ದೇ ಆಗದು. ಒಂದು ಕ್ಷಣ ಬಿಟ್ಟು ಅವರೇ ಹೇಳಿದರು: “ಮೆಟ್ಟಿಲ ಪಕ್ಕ, ಸೂರಿನ ಕೆಳಗೆ ನೋಡು. ನಮ್ಮಪ್ಪ ರೇಡಿಯೋ ಏರಿಯಲ್ ಎಳೆದ ತೂತಿದೆ.”

ಸುಣ್ಣ ಮೆತ್ತಿ ಮುಚ್ಚಿಹೋಗಿತ್ತು. ಸ್ಕ್ರೂಡ್ರೈವರಿನಿಂದ ಕೆದಕಿದೆ. ತಾತ ಆ ತೂತಿನಿಂದ ಬಂದ ತಂತಿಯಲ್ಲಿ ಮೈಸೂರು ಆಕಾಶವಾಣಿ ಕೇಳುತ್ತಿದ್ದರಂತೆ. ಆ ಹೆಸರು ಹುಟ್ಟಿದ್ದೂ ಒಂದು ಮನೆಯಲ್ಲೇ. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿ ಸಣ್ಣ ಟ್ರಾನ್ಸ್‌ಮಿಟರ್ ಇಟ್ಟು ಬಾನುಲಿ ಶುರುಮಾಡಿದರು, ಮುಂದೆ ದೇಶದ ರೇಡಿಯೋಗೇ ಆ ಹೆಸರಾಯಿತು. ಅವರು ಮನೆಯಿಂದ ಊರಿಗೆ ಕಳಿಸಿದರು. ನನಗೆ ಬೇಕಾಗಿದ್ದದ್ದು ಹದಿನಾಲ್ಕು ಮೆಟ್ಟಿಲು ಇಳಿಸುವುದಷ್ಟೇ. ತೂತಿನಲ್ಲಿ ತಂತಿ ತೂರಿತು.

ಅಪ್ಪ ಮತ್ತೆ ಪ್ಯಾಡ್ ಹಿಡಿದರು. ಬ್ರೇಕ್ ಹಾಕಿದರು, ಬಿಟ್ಟರು, ಮತ್ತೆ ಹಾಕಿದರು. “ಈಗ ಹೋಗ್ಬೋದು” ಎಂದರು.

ಬ್ರೇಕಿನ ಗುಂಡಿ ಎಡಗಡೆ ಇದೆ. ಅದನ್ನು ಬಲಕ್ಕೆ ಬದಲಿಸಿಕೊಡುತ್ತೇನೆಂದರೆ ಅಪ್ಪ ಒಪ್ಪಲಿಲ್ಲ. ನಾನು ಅವರ ಎಡ ತೋರುಬೆರಳನ್ನು ಗುಂಡಿಯ ಮೇಲಿಟ್ಟು ನನ್ನ ಬೆರಳನ್ನು ಅದರ ಮೇಲಿಡುತ್ತಿದ್ದೆ. ಫಿಸಿಯೋಥೆರಪಿಗೆ ಬರುವವರನ್ನು ಕೇಳಿದಾಗ, “ಆಡಲಿ, ಆದರೆ ನಾನು ಹೇಳಿದ ವ್ಯಾಯಾಮದ ಬದಲಿಗೆ ಅಲ್ಲ” ಎಂದರು. ಈಗ ನನ್ನ ಬೆರಳಿನ ಒತ್ತು ಕೆಲವು ಸಲ ಬೇಕು, ಕೆಲವು ಸಲ ಬೇಡ. ಇದಕ್ಕಿಂತ ದೊಡ್ಡ ಪವಾಡವೇನೂ ನಡೆದಿಲ್ಲ. ವಾಕರ್ ಇನ್ನೂ ಮಂಚದ ಪಕ್ಕದಲ್ಲೇ ಇದೆ.

ನಡೆದದ್ದು ಬೇರೆ. ಬ್ರಿಟನ್ನಿನ ರಸ್ತೆಯಲ್ಲಿ ಲಾರಿ ಹೋಗುತ್ತಿರುವಾಗ ಅಪ್ಪ ಮಾತಾಡುತ್ತಾರೆ. ಬೇಗೂರಿನ ಹತ್ತಿರ ಟಯರ್ ಸಿಡಿದದ್ದು, ಬಂಡೀಪುರದಲ್ಲಿ ಒಂಟಿ ಸಲಗ ದಾರಿ ಬಿಡುವವರೆಗೆ ಎಂಜಿನ್ ಆರಿಸಿ ಕೂತದ್ದು, ಬಸ್ಸಿನಲ್ಲಿ ಹೆರಿಗೆ ನೋವು ಬಂದ ಹೆಂಗಸನ್ನು ಎಲ್ಲೂ ನಿಲ್ಲಿಸದೆ ನಂಜನಗೂಡಿಗೆ ತಂದದ್ದು. ನನ್ನ ವಯಸ್ಸಿನುದ್ದಕ್ಕೂ ಅಪ್ಪ ಡ್ಯೂಟಿಗೆ ಹೋಗಿ ಬಂದಿದ್ದಾರೆ. ಡ್ಯೂಟಿಯಲ್ಲಿ ಏನಾಗುತ್ತದೆಂದು ಹೇಳಿದವರಲ್ಲ. ಎದುರು ಬದುರು ಕೂತಿದ್ದರೆ ಈಗಲೂ ಹೇಳುತ್ತಿರಲಿಲ್ಲವೇನೋ. ಇಬ್ಬರೂ ಮುಂದಿನ ರಸ್ತೆ ನೋಡುತ್ತಿರುವಾಗ ಮಾತು ಸಲೀಸು.

ಬಂಡೀಪುರದ ಕಾಡಿನ ಹೆದ್ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನಗಳಿಗೆ ಮುಚ್ಚಿರುತ್ತದೆ. ಅಮ್ಮ ಇದನ್ನು ಮನೆಯ ಕಾನೂನು ಮಾಡಿಕೊಂಡಿದ್ದಾರೆ. ಒಂಬತ್ತಾಯಿತೆಂದರೆ ಒಳಗಿನಿಂದ ಕೂಗು: “ಗೇಟ್ ಹಾಕಿದ್ರು ಕಣ್ರೀ, ಮಲ್ಕೊಳ್ಳಿ.” ಅಪ್ಪ ಲಾರಿಯನ್ನು ಪಕ್ಕಕ್ಕೆ ಹಾಕಿ ಹ್ಯಾಂಡ್‌ಬ್ರೇಕ್ ಎಳೆದೇ ಪ್ಯಾಡ್ ಕೊಡುವುದು. ನಡುರಸ್ತೆಯಲ್ಲಿ ಬಿಟ್ಟು ಹೋದವರಲ್ಲ.

ಮೊನ್ನೆ ಪಕ್ಕದ ಮನೆಯ ಹುಡುಗ ಮೊಬೈಲ್ ಹಿಡಿದು ಬಂದಿದ್ದ. ಇಂಡೊನೇಷ್ಯಾದವರು ಮಾಡಿದ ಬಸ್ಸಿನ ಆಟಕ್ಕೆ ನಮ್ಮ ಹುಡುಗರು ಕೆಎಸ್‌ಆರ್‌ಟಿಸಿಯ ಬಣ್ಣ ಬಳಿದು ಹಂಚುತ್ತಾರೆ. ಅಂಥ ಒಂದು ಬಸ್ಸು ಅವನ ಹತ್ತಿರವಿತ್ತು. ಅಪ್ಪ ಕನ್ನಡಕ ತರಿಸಿಕೊಂಡು, ಬಸ್ಸನ್ನು ಹಿಂದೆ ಮುಂದೆ ತಿರುಗಿಸಲು ಹೇಳಿ, ಸಾವಕಾಶವಾಗಿ ನೋಡಿದರು.

“ಚೆನ್ನಾಗಿದೆ. ನಂಬರ್ ಮಾತ್ರ ಕೆಎ 57 ಹಾಕಿದ್ದಾನೆ, ಬೆಂಗಳೂರಿಂದು. ಮೈಸೂರ್ ಡಿಪೋ ಗಾಡಿ ಅಂದ್ರೆ ಕೆಎ 09 ಎಫ್ ಬರ್ಬೇಕು. ಮಾಡಿದವನಿಗೆ ಹೇಳಪ್ಪ.”

ಹುಡುಗ ಹೇಳುತ್ತೇನೆಂದು ತಲೆಯಾಡಿಸಿ, ಮಂಚದ ತುದಿಯಲ್ಲಿ ಜಾಗ ಮಾಡಿಕೊಂಡು ಕೂತ.