ಮಡಿಕೇರಿಯ ಹಿತ್ತಲಲ್ಲೊಂದು ಹೂಬೇಲಿ

ಮಡಿಕೇರಿಗೆ ಹೋದವರೆಲ್ಲ ರಾಜಾಸೀಟು, ಅಬ್ಬಿ ಜಲಪಾತ ನೋಡಿ ಬರುತ್ತಾರೆ. ಸಹೋದರಿಯರೇ, ಅಲ್ಲಿ ನಿಮಗೆ ನೆಂಟರ ಮನೆಯಿದ್ದರೆ ಒಮ್ಮೆ ಹಿತ್ತಲಿಗೂ ಹೋಗಿ. ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಎತ್ತರದ ಆ ಊರಿನ ತಂಪು ಗುಲಾಬಿಗೆ ಬಲು ಇಷ್ಟ. ಮಂಗಳೂರಿನ ನಮ್ಮ ಕುಂಡಗಳಲ್ಲಿ ಎರಡು ಹೂ ಬಿಟ್ಟು ಸುಸ್ತಾಗುವ ಗಿಡದ ಬಂಧುಗಳು ಅಲ್ಲಿ ಬೇಲಿಯನ್ನೇ ಹತ್ತಿ ಕೂತಿರುತ್ತವೆ.

ನಾನು ಹೇಳಹೊರಟದ್ದು ನನ್ನ ದೊಡ್ಡಮ್ಮನ ಮಗಳ ಮನೆಯ ಬೇಲಿಯ ಬಗ್ಗೆ. ಆಪಾ ಅದನ್ನು ಬೆಳೆಸಿದ ಬಗೆ ಕೇಳಿ. ಬಳ್ಳಿ ಗುಲಾಬಿ ಎಂದು ಕರೆದರೂ ಅದು ಮಲ್ಲಿಗೆಯಂತೆ ತಾನಾಗಿ ಸುತ್ತಿಕೊಳ್ಳುವುದಿಲ್ಲ. ಉದ್ದುದ್ದ ಕೊಂಬೆ, ಕೊಕ್ಕೆಯಂಥ ಮುಳ್ಳು, ಅಷ್ಟೆ. ಯಾರಾದರೂ ಕಟ್ಟಬೇಕು. ಆಪಾ ಹಳೆಯ ದುಪಟ್ಟಾಗಳನ್ನು ಪಟ್ಟಿ ಹರಿದು ಸಡಿಲವಾಗಿ ಕಟ್ಟುತ್ತಾರೆ. ತಂತಿಯಾದರೆ ಕೊಂಬೆ ದಪ್ಪವಾದಾಗ ಕೊಯ್ಯುತ್ತದೆ. ಮೊದಲೆರಡು ವರ್ಷ ಉದ್ದ ಕೊಂಬೆಗೆ ಕತ್ತರಿ ಮುಟ್ಟಿಸುವಂತಿಲ್ಲ. ನೆಟ್ಟಗೆ ಮೇಲಕ್ಕೆ ಬಿಟ್ಟರೆ ತುದಿಯಲ್ಲಿ ಮಾತ್ರ ನಾಲ್ಕು ಹೂ. ಎಳೆಯದಿರುವಾಗಲೇ ಮೆಲ್ಲನೆ ಬಗ್ಗಿಸಿ ಬೇಲಿಯುದ್ದಕ್ಕೆ ಅಡ್ಡ ಕಟ್ಟಿದರೆ ಗೆಣ್ಣುಗೆಣ್ಣಿನಲ್ಲೂ ಚಿಗುರೊಡೆದು ಮೊಗ್ಗು ಬರುತ್ತದೆ. ಮಳೆಗಾಲದಲ್ಲಿ ಎಲೆಗೆ ಕಪ್ಪುಚುಕ್ಕೆ ಬಂದೇ ಬರುತ್ತದೆ; ಉದುರಿದ ಎಲೆಗಳನ್ನು ಆಯ್ದು ಸುಡುತ್ತಾರೆ. ಬುಡದಲ್ಲಿ ನೀರು ನಿಲ್ಲದಂತೆ ಮಣ್ಣು ಏರಿಸುತ್ತಾರೆ. ಇಷ್ಟೇ ಅವರ ವಿದ್ಯೆ.

ಈಗ ಮನೆಯಲ್ಲಿ ಇದೇ ಬೇಲಿಯದ್ದು ಚರ್ಚೆ. ಕಾಡುಹಂದಿ ನುಗ್ಗುತ್ತದೆ, ಸಣ್ಣ ಮಕ್ಕಳಿದ್ದಾರೆ, ಕಾಂಕ್ರೀಟ್ ಗೋಡೆ ಕಟ್ಟೋಣ ಎನ್ನುತ್ತಾನೆ ಮಗ. ಅವನ ಮಾತಿನಲ್ಲೂ ನ್ಯಾಯವಿದೆ. ಆದರೆ ಅದು ಇಳಿಜಾರಿನ ಜಾಗ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದು, ನಮ್ಮ ಕಡೆಯಿಂದ ಹೋಗುವ ದಾರಿಯಲ್ಲೇ ಜೋಡುಪಾಲ, ಮದೆನಾಡಿನ ಬಳಿ ರಸ್ತೆ ಮುಚ್ಚಿಹೋದದ್ದು ನಿಮಗೆ ನೆನಪಿರಬಹುದು. ಮೇಲಿನಿಂದ ಬಂದ ಮಳೆನೀರು ಬೇಲಿಯ ಸಂದಿಯಿಂದ ಹರಿದು ಚರಂಡಿ ಸೇರುತ್ತದೆ. ಗೋಡೆಯಾದರೆ ಅದರ ಹಿಂದೆ ನಿಂತು ಮಣ್ಣನ್ನು ನೆನೆಸಿ ದೂಡುತ್ತದೆ. "ಪೈಪು ಬಿಡುತ್ತೇವಲ್ಲ ಅಮ್ಮೀ" ಎಂದರೆ, "ಎಲೆ ಕಸ ತುಂಬಿದ ಪೈಪಿಗೆ ಕಡ್ಡಿ ಹಾಕಲು ಜೋರು ಮಳೆಯಲ್ಲಿ ನೀನು ಬರುತ್ತೀಯಾ?" ಎಂದು ಆಪಾ ಕೇಳುತ್ತಾರೆ. ಗುಲಾಬಿಯ ಬೇರು ಗುಡ್ಡವನ್ನು ಹಿಡಿದು ನಿಲ್ಲಿಸುತ್ತದೆಂದು ಯಾರೂ ಭ್ರಮಿಸಬೇಡಿ, ಆಪಾ ಕೂಡ ಹಾಗೆ ಹೇಳುವುದಿಲ್ಲ.

ಇನ್ನೊಂದು ಕಾರಣವನ್ನು ಅವರು ಮಗನಿಗೆ ಹೇಳಿಲ್ಲ. ಮೇಲಿನ ಮನೆಯ ಕೊಡವ ಅಜ್ಜಿ ಮಳೆಗಾಲದಲ್ಲಿ ಕಣಿಲೆ ಪಲ್ಯದ ಪಾತ್ರೆಯನ್ನು ದಾಟಿಸುವುದು, ಆಪಾ ಹಬ್ಬದ ಶೀರ್‌ಖುರ್ಮಾ ಕೊಡುವುದು, ಎಲ್ಲ ಆ ಬೇಲಿಯ ಮೇಲಿಂದಲೇ. ಮುಂಬಾಗಿಲಿಗೆ ಸುತ್ತಿ ಬರಲು ಅಜ್ಜಿಯ ಮಂಡಿ ಒಪ್ಪುವುದಿಲ್ಲ.

ಮೇಸ್ತ್ರಿ ಬಂದು ಅಳತೆ ತೆಗೆದುಕೊಂಡು ಹೋಗಿದ್ದಾನಂತೆ. ಆಪಾ ಪೆನ್ಸಿಲ್ ದಪ್ಪದ ಕಡ್ಡಿಗಳನ್ನು ಕತ್ತರಿಸಿ, ಮರಳು ಬೆರೆಸಿದ ಮಣ್ಣಿನ ತೊಟ್ಟೆಗಳಲ್ಲಿ ನೆಟ್ಟಿಟ್ಟಿದ್ದಾರೆ. ಎರಡು ತೊಟ್ಟೆ ಆಗಲೇ ಅಜ್ಜಿಯ ಹಿತ್ತಲಲ್ಲಿವೆ.