ಹೊಳಪಿಗೂ ಒಂದು ಮಿತಿಯುಂಟು

ಅಂಗಳ ಗುಡಿಸುವುದು, ಪೂಜೆಯ ಪಾತ್ರೆಗಳನ್ನು ಹುಣಸೆಹಣ್ಣಿನಿಂದ ತಿಕ್ಕಿ ಬೆಳಗುವುದು, ಎತ್ತುಗಳ ಮೈ ತೊಳೆಯುವುದು ಇವೆಲ್ಲ ನಮ್ಮ ಹಿರಿಯರಿಗೆ ಕೀಳು ಕೆಲಸಗಳೆನಿಸಿರಲಿಲ್ಲ. ಯಾವ ಕೆಲಸವೇ ಆಗಲಿ, ಮನಸ್ಸಿಟ್ಟು ಮಾಡಿದರೆ ಅದು ಕಾಯಕವಾಗುತ್ತದೆಂಬ ಹನ್ನೆರಡನೆಯ ಶತಮಾನದ ಶರಣರ ತಿಳಿವು ಅವರ ಕೈಗಳಲ್ಲಿಯೇ ಉಳಿದುಬಂದಿತ್ತು. ಬಟ್ಟೆ ಮಡಿಮಾಡಿದ ಮಡಿವಾಳ ಮಾಚಿದೇವರ, ಹಗ್ಗ ಹೊಸೆದ ನುಲಿಯ ಚಂದಯ್ಯನವರ ಕಥೆಗಳನ್ನು ನಾನೂ ಬಾಲ್ಯದಿಂದ ಕೇಳಿಕೊಂಡೇ ಬೆಳೆದವನು. ಆದರೆ ಕಿವಿಗೆ ಬಿದ್ದದ್ದು ಕೈಗೆ ಇಳಿಯಲು ಎಷ್ಟು ಕಾಲ ಬೇಕೆಂಬುದು ನನಗೆ ಅರಿವಾದದ್ದು ಐವತ್ತಾರನೆಯ ವಯಸ್ಸಿನಲ್ಲಿ, ಹೊನ್ನಾಳಿಯ ನಮ್ಮ ಮನೆಯ ಮುಂದೆ, ಒಂದು ಹಳೆಯ ಕಾರಿಗೆ ಯಂತ್ರ ಹಿಡಿದು ಪಾಲಿಶ್ ಮಾಡಲು ಹೊರಟಾಗ.

ಆ ಕಾರು ನಮ್ಮ ತಂದೆಯವರದು. 1994ರಲ್ಲಿ ಭತ್ತ ಮತ್ತು ಅಡಿಕೆಯಿಂದ ಕೂಡಿಸಿದ ಹಣದಲ್ಲಿ ಕೊಂಡ ಕೆಂಪು ಮಾರುತಿ 800. ಅದರ ಸಂಖ್ಯೆ ಇಂದಿಗೂ ಕೆಎ 14 ಎಂದೇ ಆರಂಭವಾಗುತ್ತದೆ. ಏಕೆಂದರೆ ಆಗ ನಮ್ಮ ಹೊನ್ನಾಳಿ ತಾಲೂಕು ಶಿವಮೊಗ್ಗ ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ನಾವು ಇತ್ತ ಬಂದೆವು, ಕಾರಿನ ಸಂಖ್ಯೆ ಮಾತ್ರ ಅಲ್ಲಿಯೇ ಉಳಿಯಿತು. 1983ರ ಡಿಸೆಂಬರಿನಲ್ಲಿ ಮೊದಲ ಬಾರಿ ಜನರ ಕೈಸೇರಿದ ಈ ಮಾದರಿಯ ತಯಾರಿಕೆ 2014ರ ಜನವರಿಯಲ್ಲಿ ನಿಂತುಹೋಯಿತು. ನಮ್ಮ ಕಾರು ಮಾತ್ರ ನಿಲ್ಲಲಿಲ್ಲ. ತರಳಬಾಳು ಹುಣ್ಣಿಮೆ ನಡೆದ ಊರುಗಳಿಗೆ, ಹಿರೇಕಲ್ಮಠದ ಕಾರ್ಯಗಳಿಗೆ, ನನ್ನ ತಂಗಿಯ ಬಾಣಂತನಕ್ಕೆ, ಕೊನೆಗೆ ತಾಯಿಯವರನ್ನು ಆಸ್ಪತ್ರೆಯಿಂದ ಮನೆಗೆ ಕರೆತರುವುದಕ್ಕೆ ಅದೇ ಓಡಿತು.

ಅಪ್ಪಾಜಿಯವರ ದಿನಚರಿಯಲ್ಲಿ ಒಂದು ನೇಮವಿತ್ತು. ಬೆಳಿಗ್ಗೆ ಸ್ನಾನ, ವಿಭೂತಿಧಾರಣೆ, ಇಷ್ಟಲಿಂಗಪೂಜೆ, ಪ್ರಸಾದ ಮುಗಿದ ಮೇಲೆ ಒಂದು ಹಳೆಯ ಪಂಚೆಯ ತುಂಡಿನಿಂದ ಕಾರಿನ ಧೂಳನ್ನು ಒರೆಸುವುದು. ಮೂವತ್ತು ವರ್ಷಗಳಲ್ಲಿ ಅವರು ಊರಿನಲ್ಲಿದ್ದ ಒಂದು ದಿನವೂ ಆ ನೇಮ ತಪ್ಪಿದ್ದನ್ನು ನಾನು ಕಾಣೆ.

2024ರಲ್ಲಿ ಕಾರಿನ ನೋಂದಣಿಯನ್ನು ಮತ್ತೆ ನವೀಕರಿಸಬೇಕಾಯಿತು. ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ಬರುವ ಕೆಲಸವಿದು. ಹಿಂದೆ ಆರುನೂರು ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ ಐದು ಸಾವಿರವಾಗಿತ್ತು. ಬೆಂಗಳೂರಿನಲ್ಲಿರುವ ಮಗ, "ಇನ್ನೂ ಯಾಕಪ್ಪಾ ಇದು? ಕೊಟ್ಟುಬಿಡಿ" ಎಂದ. ಲೆಕ್ಕ ಅವನದೇ ಸರಿಯಿತ್ತು. ಎಂಬತ್ತನಾಲ್ಕರ ಅಪ್ಪಾಜಿ ವಾಹನ ನಡೆಸುವುದನ್ನು ಬಿಟ್ಟು ಆರು ವರ್ಷಗಳಾಗಿದ್ದವು. ಅವರು ವಾದ ಮಾಡಲಿಲ್ಲ. ಎರಡು ದಿನ ಸುಮ್ಮನಿದ್ದು ಮೂರನೆಯ ದಿನ, "ಕೊಡೋದಾದ್ರೆ ಕೊಡು. ಆದ್ರೆ ಈ ಬಣ್ಣದಾಗ ಕೊಡಬ್ಯಾಡ. ಮಗಳನ್ನ ಕಳಿಸೋವಾಗ ಮೈ ತೊಳೆದು ಕಳಿಸ್ತೀವಲ್ಲಪ್ಪಾ" ಎಂದಷ್ಟೇ ನುಡಿದರು.

ಆ ಬಣ್ಣವಾದರೋ ಕೆಂಪಾಗಿ ಉಳಿದಿರಲಿಲ್ಲ. ಬಿಸಿಲಿಗೆ ಬಾಡಿ ಬಾನೆಟ್ಟೂ ಮಾಡೂ ಸುಣ್ಣ ಬಳಿದ ಗುಲಾಬಿಯಂತೆ ಮಂಕಾಗಿದ್ದವು. ರಾತ್ರಿ ಟಾರ್ಚಿನ ಬೆಳಕು ಬಿಟ್ಟರೆ ಜೇಡರಬಲೆಯಂತೆ ಸಾವಿರಾರು ಸುತ್ತುಗೀರುಗಳು. ಅಂಗಡಿಗೆ ಕೊಡುವುದಕ್ಕಿಂತ ಈ ಸೇವೆಯನ್ನು ನಾನೇ ಮಾಡಬೇಕೆಂಬ ಹಟ ನನ್ನಲ್ಲಿ ಹುಟ್ಟಿತು. ಹಟವೇನೋ ಒಳ್ಳೆಯದೇ, ಅದರ ಜೊತೆಗಿದ್ದ ಅವಸರ ಕೆಟ್ಟದಾಗಿತ್ತು.

ಪರಿಚಯದವರಿಂದ ಒಂದು ರೋಟರಿ ಯಂತ್ರವನ್ನೂ ಉಣ್ಣೆಯ ಪ್ಯಾಡನ್ನೂ ಎರವಲು ತಂದೆ. ಗರಗರನೆ ಒಂದೇ ಕೇಂದ್ರದ ಮೇಲೆ ತಿರುಗುವ ಯಂತ್ರವದು. ಭಾನುವಾರ ಹನ್ನೊಂದು ಗಂಟೆಯ ಬಿಸಿಲಿನಲ್ಲಿ, ಧೂಳು ಕೊಡವಿ, ಕಾಂಪೌಂಡ್ ಸುರಿದು, ಬಾನೆಟ್ಟಿನ ಮೇಲೆ ಒತ್ತಿ ಹಿಡಿದೆ. ಐದೇ ನಿಮಿಷದಲ್ಲಿ ಕೆಂಪು ಬಣ್ಣ ಉಕ್ಕಿ ಬಂದಿತು. ನನ್ನ ಸಂತೋಷಕ್ಕೆ ಪಾರವಿರಲಿಲ್ಲ. ಆ ಉತ್ಸಾಹದಲ್ಲಿ ಬಾನೆಟ್ಟಿನ ಅಂಚಿಗೆ ಬಂದು, ಅಲ್ಲಿದ್ದ ಮಂಕನ್ನು ತೆಗೆಯಲೆಂದು ಕೆಲವು ಕ್ಷಣ ನಿಂತೆ. ಸುಟ್ಟ ವಾಸನೆ ಬಂದಿತು. ಯಂತ್ರ ಎತ್ತಿ ನೋಡಿದರೆ ಹೆಬ್ಬೆರಳಿನಗಲ ಕೆಂಪು ಪೂರ್ತಿ ಹೋಗಿ ಕೆಳಗಿನ ಬೂದುಬಣ್ಣದ ಪ್ರೈಮರ್ ಕಾಣಿಸುತ್ತಿತ್ತು. ಜಗುಲಿಯ ಮೇಲೆ ಕುಳಿತಿದ್ದ ಅಪ್ಪಾಜಿಯವರು ಏನೂ ಕೇಳಲಿಲ್ಲ. ಅವರ ಆ ಮೌನಕ್ಕಿಂತ ಬೈಗುಳವೇ ಹಗುರವಾಗಿರುತ್ತಿತ್ತು.

ಮರುದಿನ ನಮ್ಮೂರಿನ ಹಿರಿಯ ಪೇಂಟಿಂಗ್ ಮೇಸ್ತ್ರಿಯೊಬ್ಬರ ಬಳಿ ಹೋಗಿ ತಪ್ಪೊಪ್ಪಿಕೊಂಡೆ. ಅವರು ನಕ್ಕು, "ಸಾಹೇಬ್ರೇ, ಪಾಲಿಶ್ ಅಂದ್ರೆ ಹಚ್ಚೋದಲ್ಲ, ತೆಗೆಯೋದು" ಎಂದರು. ಆ ಒಂದು ಮಾತು ನನ್ನ ಕಣ್ಣು ತೆರೆಸಿತು. ಗೀರೆಂದರೆ ಬಣ್ಣದಲ್ಲಿ ಬಿದ್ದ ಸಣ್ಣ ಕಣಿವೆ. ಆ ಕಣಿವೆಯನ್ನು ಪಾಲಿಶ್ ತುಂಬುವುದಿಲ್ಲ. ಸುತ್ತಲಿನ ದಿಬ್ಬವನ್ನೇ ಸವೆಸಿ ಸಮ ಮಾಡುತ್ತದೆ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಕಾರ್ಖಾನೆಯಲ್ಲಿ ಹಚ್ಚಿದ ಬಣ್ಣದ ಎಲ್ಲ ಪದರಗಳೂ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಇಂದಿನ ಕಾರುಗಳಲ್ಲಿ ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರವಿದ್ದು, ಅದು ಕೂದಲಿಗಿಂತಲೂ ತೆಳು. ಪ್ರತಿ ಹೊಳಪಿನ ಹಿಂದೆಯೂ ಒಂದು ವ್ಯಯವಿದೆ. ವ್ಯಯವಾದದ್ದು ಮರಳಿ ಬರುವುದಿಲ್ಲ. ಅಂಚು, ಏಣುಗಳಲ್ಲಿಯಂತೂ ಬಣ್ಣ ಮೊದಲೇ ತೆಳುವಾಗಿರುತ್ತದೆ. ಯಂತ್ರದ ಒತ್ತಡವೂ ಶಾಖವೂ ಅಲ್ಲಿಯೇ ಒಟ್ಟಾಗುವುದರಿಂದ ನನ್ನ ಅನಾಹುತ ಅಲ್ಲಿಯೇ ಆಗಿತ್ತು.

ಮೇಸ್ತ್ರಿಯವರ ಸಲಹೆಯಂತೆ ಡ್ಯುಯಲ್ ಆ್ಯಕ್ಷನ್ ಎಂಬ ಬಗೆಯ ಯಂತ್ರವೊಂದನ್ನು ಕೊಂಡೆ. ಇದರ ಪ್ಯಾಡು ತನ್ನ ಸುತ್ತ ತಾನು ತಿರುಗುತ್ತಲೇ ಅತ್ತಿತ್ತ ಚಿಕ್ಕ ಸುತ್ತನ್ನೂ ಹಾಕುತ್ತದೆ. ಅತಿಯಾಗಿ ಒತ್ತಿದರೆ ಪ್ಯಾಡಿನ ತಿರುಗಾಟ ತಾನೇ ನಿಂತುಹೋಗುತ್ತದೆ. ಹಾಗಾಗಿ ಹೊಸಬರ ಕೈಯಲ್ಲಿ ಬಣ್ಣ ಸುಡುವ ಭಯ ಬಹಳ ಕಡಿಮೆ. ಪ್ಯಾಡಿನ ಹಿಂಬದಿಯ ತಟ್ಟೆಯ ಮೇಲೆ ಪೆನ್ನಿನಿಂದ ಒಂದು ಗೆರೆ ಎಳೆದುಕೊಂಡರೆ ಅದು ತಿರುಗುತ್ತಿದೆಯೋ ಇಲ್ಲವೋ ಕಣ್ಣಿಗೆ ಕಾಣುತ್ತದೆ.

ಈ ಕೆಲಸಕ್ಕೆ ಕೈಹಾಕುವ ಬಂಧುಗಳಿಗೆ ಉಪಯೋಗವಾಗಲೆಂದು ನಾನು ಕಲಿತ ಕ್ರಮವನ್ನು ಇಲ್ಲಿ ಹೇಳುತ್ತೇನೆ. ಮೊದಲು ನೆರಳು ಬೇಕು. ಕಾರಿನ ತಗಡು ಕೈಗೆ ತಂಪಾಗಿರಬೇಕು. ಎರಡು ಬಕೆಟ್ ಇಟ್ಟುಕೊಂಡು, ಒಂದರಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸುವ ಬರಿಯ ನೀರು ಇಟ್ಟು, ಮೇಲಿನಿಂದ ಕೆಳಕ್ಕೆ ತೊಳೆಯಬೇಕು. ಬೋರಿನ ಗಡಸು ನೀರು ಹಾಗೆಯೇ ಒಣಗಿದರೆ ಬಿಳಿ ಕಲೆ ಕಟ್ಟುವುದರಿಂದ ಕೂಡಲೇ ಮೆತ್ತನೆಯ ಬಟ್ಟೆಯಿಂದ ನೀರನ್ನು ಹೀರಿ ತೆಗೆಯಬೇಕು. ಬೆರಳಾಡಿಸಿದಾಗ ಇನ್ನೂ ಒರಟೆನಿಸಿದರೆ, ಅಂಟಿಕೊಂಡ ಕಸವನ್ನು ಕಿತ್ತುಕೊಳ್ಳುವ ಕ್ಲೇ ಎಂಬ ಮೆತ್ತನೆಯ ಜೇಡಿಯಂಥ ಮುದ್ದೆಯನ್ನು ಸೋಪಿನ ನೀರು ಚಿಮುಕಿಸಿ ಹಗುರವಾಗಿ ಆಡಿಸಬೇಕು. ಬಳಿಕ ಅಂಚು, ಏಣು, ಕಪ್ಪು ರಬ್ಬರುಗಳಿಗೆ ಮಾಸ್ಕಿಂಗ್ ಟೇಪ್ ಹಚ್ಚಬೇಕು.

ಪ್ಯಾಡಿನ ಮೇಲೆ ಬಟಾಣಿಯಷ್ಟು ಗಾತ್ರದ ನಾಲ್ಕು ಹನಿ ಪಾಲಿಶ್ ಸಾಕು. ಒಂದು ಸಲಕ್ಕೆ ಎರಡಡಿ ಚದರ ಜಾಗವನ್ನಷ್ಟೇ ಆರಿಸಿಕೊಂಡು, ಯಂತ್ರವನ್ನು ಬಣ್ಣದ ಮೇಲಿಟ್ಟ ಮೇಲೆಯೇ ಚಾಲೂ ಮಾಡಬೇಕು. ಇಲ್ಲವಾದರೆ ಪಾಲಿಶೆಲ್ಲ ಗೋಡೆಯ ಪಾಲು. ಮೊದಲು ಅಡ್ಡಡ್ಡ, ಆಮೇಲೆ ಉದ್ದುದ್ದ, ಹಿಂದಿನ ಸಾಲಿನ ಅರ್ಧ ಮುಚ್ಚುವಂತೆ ಆಮೆಯ ನಡೆಯಲ್ಲಿ ಸಾಗಬೇಕು. ನಾಲ್ಕೈದು ಸುತ್ತಾದ ಮೇಲೆ ನಿಲ್ಲಿಸಿ ಒರೆಸಿ ನೋಡಬೇಕು. ಕ್ಲಿಯರ್ ಕೋಟ್ ಇಲ್ಲದ ನಮ್ಮಂಥ ಹಳೆಯ ಕಾರಿನಲ್ಲಿ ಪ್ಯಾಡಿಗೆ ಕಾರಿನ ಬಣ್ಣವೇ ಹತ್ತುತ್ತದೆ, ಗಾಬರಿ ಬೇಡ. ಸತ್ತ ಮೇಲ್ಪದರ ಹೋಗುತ್ತಿರುವ ಗುರುತು ಅದು. ಆದರೆ ಪ್ಯಾಡನ್ನು ಆಗಾಗ ಬ್ರಷ್ಷಿನಿಂದ ಸ್ವಚ್ಛಗೊಳಿಸುತ್ತಿರಬೇಕು, ಮೂಗಿಗೆ ಬಟ್ಟೆ ಕಟ್ಟಿಕೊಂಡಿರಬೇಕು, ವಿದ್ಯುತ್ತಿನ ತಂತಿ ಒದ್ದೆ ನೆಲಕ್ಕೆ ತಾಗದಂತೆ ಹೆಗಲ ಮೇಲೆ ಹಾಕಿಕೊಂಡಿರಬೇಕು.

ಇನ್ನೊಂದು ಎಚ್ಚರವುಂಟು. ಪಾಲಿಶಿನಲ್ಲಿರುವ ಎಣ್ಣೆಯ ಅಂಶ ಗೀರುಗಳೊಳಗೆ ತುಂಬಿಕೊಂಡು ಇಲ್ಲದ ಹೊಳಪನ್ನು ತೋರಿಸುತ್ತದೆ. ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಟಾರ್ಚು ಬಿಟ್ಟು ನೋಡಿದಾಗಲೇ ನಿಜ ತಿಳಿಯುವುದು. ಮನುಷ್ಯರ ಹೊಳಪನ್ನೂ ಹೀಗೆ ಒರೆಸಿ ನೋಡುವಂತಿದ್ದರೆ ನಮ್ಮಲ್ಲಿ ಎಷ್ಟು ಜನ ಉಳಿಯುತ್ತೇವೋ ಎಂದು ಆ ರಾತ್ರಿ ನಾನು ಯೋಚಿಸಿದ್ದುಂಟು.

ಮೇಸ್ತ್ರಿಯವರು ಕಲಿಸಿದ ಮುಖ್ಯ ನಿಯಮವೆಂದರೆ, ಅತಿ ಮೃದುವಾದ ಪ್ಯಾಡು ಮತ್ತು ಅತಿ ನಯವಾದ ಪಾಲಿಶಿನಿಂದ ಮೊದಲುಮಾಡಿ, ಅದರಿಂದ ಆಗದಿದ್ದರೆ ಮಾತ್ರ ಒರಟಿಗೆ ಹೋಗುವುದು. ಇದನ್ನು ಕೇಳಿದಾಗ ನನಗೆ ಆಯ್ದಕ್ಕಿ ಲಕ್ಕಮ್ಮನವರು ನೆನಪಾದರು. ಪತಿ ಮಾರಯ್ಯನವರು ಎಂದಿನದಕ್ಕಿಂತ ಹೆಚ್ಚು ಅಕ್ಕಿ ಆಯ್ದುತಂದ ದಿನ, ನಮಗೆ ಇಷ್ಟೇಕೆಂದು ಮರಳಿ ಸುರಿದು ಬರಲು ಹೇಳಿದ ತಾಯಿ ಆಕೆ. ಬೇಕಾದಷ್ಟನ್ನೇ ತೆಗೆದುಕೊಳ್ಳಬೇಕೆಂಬ ಆಕೆಯ ನಿಲುವು ಅನ್ನಕ್ಕೆ ಹೇಗೋ ಬಣ್ಣಕ್ಕೂ ಹಾಗೆಯೇ. ಆಳವಾದ ಎರಡು ಮೂರು ಗೀರುಗಳನ್ನು ಹಾಗೆಯೇ ಬಿಟ್ಟೆ. ಅವನ್ನು ತೆಗೆಯಹೋದರೆ ಬಣ್ಣವೇ ಮುಗಿಯುತ್ತಿತ್ತು.

ಎರಡನೆಯ ಭಾನುವಾರ ಸಂಜೆ ಅಪ್ಪಾಜಿಯವರು ಕೋಲೂರಿಕೊಂಡು ಬಂದು, ಪಾಲಿಶ್ ಆದ ಬಾನೆಟ್ಟನ್ನೂ ಆಗದ ಬಾಗಿಲನ್ನೂ ಟಾರ್ಚಿನ ಬೆಳಕಿನಲ್ಲಿ ನೋಡಿದರು. "ಈ ಸುತ್ತುಗೀರು ಇಷ್ಟೊಂದು ಯಾಕೆ ಬಂದಾವಪ್ಪಾ?" ಎಂದು ಕೇಳಿದರು. ಆ ಪ್ರಶ್ನೆಗೆ ನಾನು ಹೆದರಿಕೊಂಡೇ ಇದ್ದೆ. ಉತ್ತರ ನನಗೆ ಗೊತ್ತಿತ್ತು. ನಮ್ಮ ಕಡೆಯ ಒಕ್ಕಣೆಯ ಕಾಲದ ಧೂಳು, ರಸ್ತೆಯ ಮಣ್ಣು ಇವುಗಳಲ್ಲಿ ಬಣ್ಣಕ್ಕಿಂತ ಗಟ್ಟಿಯಾದ ಮರಳಿನ ಕಣಗಳಿರುತ್ತವೆ. ಒಣಬಟ್ಟೆಯಿಂದ ಒರೆಸಿದಾಗ ಆ ಕಣಗಳೇ ಬಣ್ಣವನ್ನು ಗೀರುತ್ತವೆ. ಮೂವತ್ತು ವರ್ಷಗಳ ಅವರ ಪ್ರೀತಿಯೇ ಆ ಗಾಯಗಳನ್ನು ಮಾಡಿತ್ತು. ಬಿಸಿಲಿನ ಮೇಲೆ ಹಾಕಿ ತಪ್ಪಿಸಿಕೊಳ್ಳಬಹುದಾಗಿತ್ತು. ಎಂಬತ್ತನಾಲ್ಕು ವರ್ಷದ ಹಿರಿಯರ ಮನಸ್ಸನ್ನು ಯಾಕೆ ನೋಯಿಸಬೇಕು? ಆದರೆ ನನಗೆ ಸುಳ್ಳಾಡಬಾರದೆಂದು ಕಲಿಸಿದವರೇ ಎದುರಿಗೆ ನಿಂತಿದ್ದರು. ಮೆಲ್ಲಗೆ ಇದ್ದದ್ದನ್ನು ಇದ್ದಂತೆ ಹೇಳಿದೆ.

ಅವರು ಬಹಳ ಹೊತ್ತು ಬಾಗಿಲಿನ ಮೇಲೆ ಕೈಯಿಟ್ಟುಕೊಂಡು ನಿಂತರು. ಆಮೇಲೆ, "ಹಂಗಾದ್ರೆ ಇವೆಲ್ಲ ನನ್ನವು" ಎಂದರು. ಬಾನೆಟ್ಟಿನ ಅಂಚಿನ ಬೂದುಕಲೆಯನ್ನು ಮುಟ್ಟಿ, "ಇದು ನಿಂದು. ಇಬ್ಬರೂ ಪ್ರೀತಿಯಿಂದಾನೇ ಮಾಡಿದ್ದು, ಇಬ್ಬರಿಗೂ ಗೊತ್ತಿರಲಿಲ್ಲ" ಎಂದು ನಕ್ಕರು. ಹದಿನೈದು ದಿನಗಳಿಂದ ನನ್ನ ಎದೆಯ ಮೇಲಿದ್ದ ಭಾರ ಆ ನಗುವಿನಲ್ಲಿ ಇಳಿಯಿತು. ಮರುದಿನ ಬೆಳಿಗ್ಗೆ ಪೂಜೆಯ ನಂತರ ನೋಡಿದರೆ, ಅವರ ಕುರ್ಚಿಯ ಪಕ್ಕದಲ್ಲಿ ಪಂಚೆಯ ತುಂಡಿನ ಬದಲು ನೀರು ತುಂಬಿದ ಎರಡು ಬಕೆಟ್ಟುಗಳಿದ್ದವು.

ಮೂರನೆಯ ಭಾನುವಾರ ಕೆಲಸ ಮುಗಿಸಿ ಮೇಣದ ಲೇಪ ಕೊಟ್ಟೆವು. ಬೂದುಕಲೆಗೆ ಮೇಸ್ತ್ರಿಯವರು ಸಣ್ಣ ಕುಂಚದಿಂದ ಕೆಂಪು ಮುಟ್ಟಿಸಿದರು; ಹತ್ತಿರ ಹೋದರೆ ಈಗಲೂ ಕಾಣುತ್ತದೆ. ಕಾರು ಹೊಸದರಂತೆ ಆಗಲಿಲ್ಲ, ಆದರೆ ಕೆಂಪಾಯಿತು. ನೋಂದಣಿಯ ತಪಾಸಣೆಯಲ್ಲಿ ಹೊಳಪನ್ನು ಯಾರೂ ಕೇಳುವುದಿಲ್ಲ. ಬ್ರೇಕು, ದೀಪ, ಹೊಗೆ ಇವನ್ನೇ ನೋಡುತ್ತಾರೆ. ಅದಕ್ಕೂ ಬೇಕಾದ ದುರಸ್ತಿ ಮಾಡಿಸಿ ಐದು ವರ್ಷದ ನವೀಕರಣ ಪಡೆದೆವು. ಮಾರುವ ಮಾತನ್ನು ಎತ್ತಿದ್ದ ಮಗನೇ ಹಬ್ಬಕ್ಕೆ ಬಂದಾಗ ತಾತನನ್ನು ಪಕ್ಕದಲ್ಲಿ ಕೂರಿಸಿಕೊಂಡು ತುಂಗಭದ್ರೆಯ ಸೇತುವೆಯವರೆಗೆ ಹೋಗಿಬಂದ. ಆ ಮಾತು ಮತ್ತೆ ಬರಲಿಲ್ಲ.

ನಮ್ಮ ಮನೆಗಳಲ್ಲಿಯೂ ಹೀಗೆಯೇ ಅಲ್ಲವೇ? ಮಕ್ಕಳನ್ನು, ಸೊಸೆಯಂದಿರನ್ನು, ವೃದ್ಧರನ್ನು ತಿದ್ದುವ ಉತ್ಸಾಹದಲ್ಲಿ ನಾವು ಒಣಬಟ್ಟೆಯಿಂದ ದಿನವೂ ಉಜ್ಜುತ್ತಿರುತ್ತೇವೆ, ಕೆಲವೊಮ್ಮೆ ಅಂಚಿನಲ್ಲಿ ಯಂತ್ರವನ್ನೇ ಒತ್ತಿಬಿಡುತ್ತೇವೆ. ಮೊದಲು ನೀರು, ಆಮೇಲೆ ಮೃದುವಾದ ಕೈ, ತೀರ ಅಗತ್ಯವಿದ್ದರಷ್ಟೇ ಒರಟು. ಉಳಿದ ಒಂದೆರಡು ಗೀರುಗಳನ್ನು ಹಾಗೆಯೇ ಸೈರಿಸಿಕೊಳ್ಳುವುದನ್ನೂ ಕಲಿಯಬೇಕು. ಈ ಪಾಠವನ್ನು ನನಗೆ ಕಲಿಸಿದ ಮೇಸ್ತ್ರಿಯವರಿಗೂ ಅಪ್ಪಾಜಿಯವರಿಗೂ ಶರಣು ಶರಣಾರ್ಥಿ.